ತುಕ್ಕು ಹಿಡಿಯದ ಮೂರು ಬೋಲ್ಟು

ಪ್ರೊಡಾನ್ ಕ್ರಾಲೇವ್ ಕೆಟ್ಟ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ದೋಲ್ನಾ ಬ್ರೆಸ್ತಾ ಊರಿನಲ್ಲಿ ಈಗ ಯಾರನ್ನು ಕೇಳಿದರೂ ಬೇರೆಯೇ ಹೇಳುತ್ತಾರೆ. ವಯಸ್ಸು ಐವತ್ಮೂರು, ಜಮೀನು ನಕ್ಷೆಗಳ ಕಚೇರಿಯಲ್ಲಿ ಗುಮಾಸ್ತ, ಕುಡಿಯುವುದು ಭಾನುವಾರ ಮಾತ್ರ, ಅದೂ ಎರಡು ಸಣ್ಣ ಲೋಟ ರಕಿಯಾ ಸಾರಾಯಿ. ಅವನಿಗಿದ್ದ ಒಂದೇ ಕಾಯಿಲೆ ಎಂದರೆ ಯಾವ ಕೆಲಸವನ್ನೂ ಎರಡನೇ ಸಲ ಮಾಡಬಾರದು ಎಂಬುದು. "ಮಾಡಿದ್ರೆ ಒಂದೇ ಸಲ. ಮೊಮ್ಮಕ್ಕಳ ಕಾಲಕ್ಕೂ ಅದನ್ನ ಯಾರೂ ಮುಟ್ಟಬಾರ್ದು, ಹಾಗೆ ಮಾಡ್ಬೇಕು" ಎನ್ನುತ್ತಿದ್ದ. ಹಾಗೆ ಮಾಡಿದ ಕೋಳಿಗೂಡಿನ ಬಾಗಿಲನ್ನು ಈಗ ಅವನೂ ತೆಗೆಯಲಾರ. ಮೊಟ್ಟೆಗಳನ್ನು ಗೂಡಿನ ಕಿಟಕಿಯೊಳಗೆ ಕೈಹಾಕಿ ತೆಗೆಯುತ್ತಾರೆ.

ಮಾರ್ಚಿನ ಮೊದಲ ವಾರ ಅವನ ಕಾರು ಕೂಗಲು ಶುರುಮಾಡಿತು. ಕೆಮ್ಮಲಿಲ್ಲ, ಗೊಣಗಲಿಲ್ಲ, ನೇರವಾಗಿ ಕೂಗಿತು. ಬೆಳಗ್ಗೆ ಅವನು ಕಚೇರಿಗೆ ಹೊರಟರೆ ಬೀದಿಯ ನಾಯಿಗಳೆಲ್ಲ ಮನೆಯೊಳಗೆ ಸೇರಿಕೊಳ್ಳುತ್ತಿದ್ದವು. ಬುಧವಾರ ಕಾರನ್ನು ಮೆಕ್ಯಾನಿಕ್ ಗಾನ್ಚೋನ ಹತ್ತಿರ ತೆಗೆದುಕೊಂಡು ಹೋದ.

ಗಾನ್ಚೋ ಕಾರಿನ ಕೆಳಗೆ ಮಲಗಿಕೊಂಡೇ ತೀರ್ಪು ಹೇಳಿದ. "ದೊಡ್ಡದೇನೂ ಅಲ್ಲ ಕಣಯ್ಯ. ಸೈಲೆನ್ಸರಿನ ಮುಂದಿನ ಕೊಳವೆ, ಹಿಂದಿನ ಕೊಳವೆ ಸೇರೋ ಜಾಗದಲ್ಲಿ ಮೂರು ಬೋಲ್ಟಿದ್ವು. ಈಗ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರಲ್ಲ, ಅದು ತಿಂದು ಹಾಕಿದೆ. ಮಾಮೂಲಿ ಬೋಲ್ಟು ಹಾಕ್ತೀನಿ, ಎರಡು ಚಳಿಗಾಲ ಬರುತ್ತೆ. ಆಮೇಲೆ ಬಾ, ಮತ್ತೆ ಹಾಕ್ತೀನಿ."

"ಮತ್ತೆ" ಎಂಬ ಪದ ಪ್ರೊಡಾನ್‌ನ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು.

"ಎರಡೇ ಚಳಿಗಾಲಾನಾ? ಮೇಲೆ ಬೆಳ್ಳಗೆ ಸತುವಿನ ಲೇಪ ಇರೋದು ಸಿಗುತ್ತಲ್ಲ?"

"ಅದೇ ನಾನು ಹೇಳಿದ್ದು. ಸತುವಿನ ಲೇಪ ಬೇಲಿಗೆ ಸರಿ. ಕೊಳವೆ ಕಾದು ಕೆಂಡ ಆದಾಗ ಆ ಲೇಪ ಸುಟ್ಟು ಹೋಗುತ್ತೆ. ಆಮೇಲೆ ಒಳಗಿರೋ ಕಬ್ಬಿಣ ಉಪ್ಪಿನ ಪಾಲು."

"ಹಾಗಾದ್ರೆ ಸ್ಟೇನ್‌ಲೆಸ್ ಸ್ಟೀಲು ಹಾಕು."

ಗಾನ್ಚೋ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಂಡ. "ಹಾಕಬಹುದು. ಆದ್ರೆ ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟೇ ಹಾಕಿದ್ರೆ..." ಎಂದು ಶುರುಮಾಡುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಫೋನಿನಲ್ಲಿ ಯಾರದೋ ಟ್ರ್ಯಾಕ್ಟರಿಗೆ ಬೈಯುತ್ತ ಆಚೆ ಹೋದ. ಪ್ರೊಡಾನ್ ಕಾಯಲಿಲ್ಲ. ಅವನಿಗೆ ಬೇಕಾದ ಅರ್ಧ ಮಾತು ಸಿಕ್ಕಿತ್ತು. ಲೋಕದಲ್ಲಿ ಅನಾಹುತಗಳೆಲ್ಲ ಇಂಥ ಅರ್ಧ ಮಾತಿನಿಂದಲೇ ಹುಟ್ಟಿರುವುದು.

ಈ ಸಲ ಅವಸರಕ್ಕೆ ಕಾರಣವೂ ಇತ್ತು. ಮುಂದಿನ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಜಿಲ್ಲಾ ಪಟ್ಟಣದಲ್ಲಿ ಅವನ ಅತ್ತೆ ರಾಯ್ನಾ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಎಪ್ಪತ್ತೆಂಟರ ಮುದುಕಿ ಎರಡು ವರ್ಷದ ಹಿಂದೆ ಹಿಮದ ಮೇಲೆ ಜಾರಿ ತೊಡೆಮೂಳೆ ಮುರಿದುಕೊಂಡಿದ್ದಳು. ಡಾಕ್ಟರು ಒಂದು ಲೋಹದ ಪಟ್ಟಿ, ನಾಲ್ಕು ಸ್ಕ್ರೂ ಹಾಕಿ ಕೂಡಿಸಿದ್ದರು. ಅಂದಿನಿಂದ ಬರುತ್ತಿದ್ದ ಅಂಗವೈಕಲ್ಯದ ಪಿಂಚಣಿ ಮುಂದುವರಿಯಬೇಕಾದರೆ ಮಂಡಳಿ ಮತ್ತೊಮ್ಮೆ ಕಾಲು ನೋಡಬೇಕು. ಮಂಗಳವಾರ ತಪ್ಪಿದರೆ ಮುಂದಿನ ದಿನಾಂಕ ಸಿಗುವುದು ಶರತ್ಕಾಲಕ್ಕೆ. ಬಸ್ಸಿನ ಮೆಟ್ಟಿಲು ಅವಳಿಗೆ ಹತ್ತಲಾಗದು. ಕಾರಿಗೆ ವಾರ್ಷಿಕ ತಪಾಸಣೆಯ ಗಡುವು ಸೋಮವಾರ. ಹೀಗೆ ಒಂದು ಮುದುಕಿಯ ಅನ್ನ ಮೂರು ಬೋಲ್ಟುಗಳ ಮೇಲೆ ನಿಂತಿತ್ತು.

ಗುರುವಾರ ಪ್ರೊಡಾನ್ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದ.

"ಇರೋದ್ರಲ್ಲೆಲ್ಲ ಗಟ್ಟಿಯಾದ್ದು ಕೊಡಪ್ಪ. ಉಪ್ಪು, ನೀರು, ಬೆಂಕಿ, ಯಾವುದಕ್ಕೂ ಬಗ್ಗಬಾರ್ದು."

ಅಂಗಡಿಯವನು ಒಂದು ಸಣ್ಣ ಪೊಟ್ಟಣ ಮುಂದಿಟ್ಟ. ಬೋಲ್ಟಿನ ತಲೆಯ ಮೇಲೆ ಪುಟ್ಟದಾಗಿ ಎ-ನಾಲ್ಕು ಎಂದು ಕೊರೆದಿತ್ತು. "ಹಡಗಿಗೆ ಹಾಕೋದು ಇದನ್ನೇ. ಅಷ್ಟೇ ಯಾಕೆ, ಡಾಕ್ಟರುಗಳು ಮನುಷ್ಯನ ಮೂಳೆಗೆ ಹಾಕೋದೂ ಹೆಚ್ಚು ಕಡಿಮೆ ಇದೇ ಸ್ಟೀಲು!"

ಪ್ರೊಡಾನ್‌ನ ಮುಖ ಅರಳಿತು. ನಕ್ಷೆ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವನು ಪುರಾವೆಯಿಲ್ಲದೆ ಯಾವುದನ್ನೂ ನಂಬುವವನಲ್ಲ. ಮತ್ತು ಪುರಾವೆ ಅವನ ಮನೆಯಲ್ಲೇ, ಒಲೆಯ ಪಕ್ಕದ ಕುರ್ಚಿಯಲ್ಲಿ, ಬೀನ್ಸ್ ಬಿಡಿಸುತ್ತ ಕೂತಿತ್ತು.

ಅಂದು ಊಟಕ್ಕೆ ಕೂತಾಗ ಅವನು ಗಂಟಲು ಸರಿಮಾಡಿಕೊಂಡು ಕೇಳಿದ. "ಅತ್ತೆ, ನಿಮ್ಮ ಸ್ಕ್ರೂಗಳು ಹೇಗಿವೆ?"

ರಾಯ್ನಾ ಚಮಚ ಕೆಳಗಿಟ್ಟಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅಳಿಯ ಅವಳ ಆರೋಗ್ಯ ವಿಚಾರಿಸಿದ್ದು ಇದೇ ಮೊದಲು.

"ಯಾಕೆ?"

"ಸುಮ್ನೆ. ಎರಡು ವರ್ಷ ಆಯ್ತಲ್ಲ. ಒಳಗೆ ಉಪ್ಪು, ನೀರು ಎಲ್ಲ ಇರುತ್ತೆ. ತುಕ್ಕು ಹಿಡಿದ ಹಾಗೆ ಏನಾದ್ರೂ ಅನ್ಸುತ್ತಾ?"

"ಪ್ರೊಡಾನ್!" ಎಂದಳು ಹೆಂಡತಿ ಮಾಲಿನಾ.

"ತಪ್ಪೇನಿದೆ? ಒಳ್ಳೆ ಸ್ಟೀಲು ಅಂತ ಕೇಳ್ದೆ. ಅಂಥದ್ದು ನಮ್ಮ ಕಾರಿಗೂ ಬೇಕಲ್ಲ ಅಂತ..."

ಮುದುಕಿ ಎದ್ದು ತನ್ನ ಕೋಣೆಗೆ ಹೋದಳು. ಒಳಗಿನಿಂದ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಒತ್ತಿಟ್ಟ ಸದ್ದು ಕೇಳಿಸಿತು.

ಇಲ್ಲಿಗೇ ಬಿಟ್ಟಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಅತ್ತೆಯಿಂದ ಉತ್ತರ ಸಿಗದ ಪ್ರೊಡಾನ್ ಶುಕ್ರವಾರ ಮಧ್ಯಾಹ್ನ ಹಿತ್ತಲಿಗೆ ಹೋಗಿ, ಅತ್ತೆಗೆ ಆಪರೇಷನ್ ಮಾಡಿದ್ದ ಡಾಕ್ಟರ್ ವೆಲಿಕೋವ್‌ಗೆ ಫೋನು ಮಾಡಿದ. ಹಿತ್ತಲಿನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ಬೇಲಿಯ ಪಕ್ಕದಲ್ಲಿ. ಬೇಲಿಯ ಆಚೆ ವಿಧವೆ ತ್ಸೋನಾ ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದಳು. ಡಾಕ್ಟರಿಗೆ ಎಡಗಿವಿ ಮಂದ. ಅವರು ಫೋನು ಹಿಡಿಯುತ್ತಿದ್ದದ್ದು ಎಡಗಿವಿಗೆ. ಆದ್ದರಿಂದ ಪ್ರೊಡಾನ್ ಕೂಗಿಯೇ ಮಾತಾಡಬೇಕಾಯಿತು. ಡಾಕ್ಟರ ಮಾತು ಅವನಿಗೊಬ್ಬನಿಗೇ ಕೇಳಿಸುತ್ತಿತ್ತು. ಅವನ ಮಾತು ಇಡೀ ಬೀದಿಗೆ.

"ಡಾಕ್ಟ್ರೇ, ನಾನು ರಾಯ್ನಾ ಅವರ ಅಳಿಯ! ಸ್ಕ್ರೂ ವಿಷಯ!... ಅವನ್ನ ಹೊರಗೆ ತೆಗೀತೀರಲ್ಲ, ಆಗ ಹೇಗಿರ್ತವೆ? ಹೊಳೀತಿರ್ತವಾ?... ಹೊಸದರ ಹಾಗೇ ಇರ್ತವಾ? ಆಹಾ!... ಇಲ್ಲ ಇಲ್ಲ, ನನಗೆ ಬೇಕಾಗಿರೋದು ಎಂಟು ಮಿಲಿಮೀಟರಿಂದು, ಮೂರೇ ಸಾಕು!... ಕಾರಿಗೆ! ಕಾ-ರಿ-ಗೆ!... ಹೌದಾ? ಮೂಳೆ ಕೂಡಿದ ಮೇಲೆ ತೆಗೆಸಿಬಿಡಬಹುದಾ? ವಯಸ್ಸಾದವರಿಗೆ ಬೇಡ ಅಂತೀರಾ?... ಸರಿ ಸರಿ, ಬಹಳ ಉಪಕಾರವಾಯ್ತು!"

ತ್ಸೋನಾಳ ಕತ್ತರಿ ನಿಂತುಹೋಗಿತ್ತು. ಅವಳು ಕೈಯಲ್ಲಿದ್ದ ಕೊಂಬೆಯನ್ನು ಅಲ್ಲೇ ಬಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಕಾಲುವೆಯ ಆಚೆ ಇರುವ ತನ್ನ ತಂಗಿಯ ಮನೆಗೆ ಹೋದಳು. ಅಲ್ಲಿಂದ ಬೇಕರಿಗೆ. ಬೇಕರಿಯಿಂದ ಮುಂದಕ್ಕೆ ಅವಳು ಹೋಗುವ ಅಗತ್ಯ ಬೀಳಲಿಲ್ಲ. ಸುದ್ದಿ ತಾನೇ ಹೋಯಿತು.

ಶನಿವಾರ ಬೆಳಗ್ಗೆ ಪ್ರೊಡಾನ್ ರೊಟ್ಟಿ ತರಲು ಹೋದಾಗ ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇದು ಮರ್ಯಾದೆ ಎಂದುಕೊಂಡ. ರೊಟ್ಟಿ ಕೊಡುವ ಹೆಂಗಸು ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಹನ್ನೊಂದು ಗಂಟೆಗೆ ಊರಿನ ಪೊಲೀಸ್ ಲಾಚ್ಕೋ ಮನೆಗೆ ಬಂದ. ಅವನು ಪ್ರೊಡಾನ್‌ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಆದರೂ ಟೋಪಿ ತೆಗೆಯಲಿಲ್ಲ.

"ಪ್ರೊಡಾನ್, ಸುಮ್ನೆ ಬಂದೆ. ಅಜ್ಜಿ ಹೇಗಿದ್ದಾರೆ? ಎಲ್ಲ... ಎಲ್ಲ ಜಾಗದಲ್ಲೇ ಇದೆಯಾ?"

"ಏನು ಜಾಗದಲ್ಲಿ?"

"ಅವರಿಗೆ ಸೇರಿದ್ದು."

"ಅವರ ಪೆಟ್ಟಿಗೆಯಾ? ಕೋಣೆಯಲ್ಲಿದೆ."

ಲಾಚ್ಕೋ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡ. "ಮನುಷ್ಯನ ಮೈಯೊಳಗೆ ಇರೋ ವಸ್ತು ಮನುಷ್ಯನದ್ದೇ. ಕಾನೂನು ಹಾಗಂತ ಹೇಳುತ್ತೆ. ಹೇಳುತ್ತೆ ಅಂತ ಅಂದ್ಕೋತೀನಿ. ಅಳಿಯನಿಗೆ ಅದರ ಮೇಲೆ ಹಕ್ಕಿಲ್ಲ."

ಆಗ ಪ್ರೊಡಾನ್‌ಗೆ ಅರ್ಥವಾಯಿತು. ಅವನು ಒಳಗೆ ಓಡಿಹೋಗಿ ಅಂಗಡಿಯಿಂದ ತಂದ ಪೊಟ್ಟಣ ತಂದು ತೋರಿಸಿದ. "ನೋಡೋ! ದುಡ್ಡು ಕೊಟ್ಟು ತಂದಿದ್ದೀನಿ! ಇವು ಬೋಲ್ಟು, ಅಂಗಡಿ ಬೋಲ್ಟು!"

ಲಾಚ್ಕೋ ಹೊಳೆಯುವ ಬೋಲ್ಟುಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಆಗಲೇ ಮೂರು ತೆಗೆದುಬಿಟ್ಟಿದ್ದೀಯಾ?"

ಆ ಕ್ಷಣದಲ್ಲಿ ರಾಯ್ನಾ ಬಾಗಿಲಿನಿಂದ ಇಣುಕದಿದ್ದರೆ ಪ್ರೊಡಾನ್‌ನ ಶನಿವಾರ ಠಾಣೆಯಲ್ಲಿ ಕಳೆಯುತ್ತಿತ್ತು. ಮುದುಕಿ ಕೋಲೂರಿಕೊಂಡು ನಿಂತು, "ಇನ್ನೂ ನಾಲ್ಕೂ ಇವೆ ಲಾಚ್ಕೋ. ರಾತ್ರಿ ಚಿಲಕ ಹಾಕ್ಕೊಂಡು ಮಲಗ್ತೀನಿ" ಎಂದಳು. ಇದು ಸಾಕ್ಷಿಯಾಯಿತೋ ದೂರಾಯಿತೋ ಲಾಚ್ಕೋಗೆ ತಿಳಿಯಲಿಲ್ಲ. ಎರಡನ್ನೂ ಬರೆದುಕೊಂಡು ಹೋದ.

ಭಾನುವಾರ ಪ್ರೊಡಾನ್ ತಾನೇ ಕಾರಿನ ಕೆಳಗೆ ಮಲಗಿದ. ಗಾನ್ಚೋನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಊರಿನ ಯಾವ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಮೊದಲ ಬೋಲ್ಟು ತೂರಿಸಿ, ನಟ್ಟು ಹಾಕಿ, ಉದ್ದನೆಯ ಸ್ಪ್ಯಾನರ್ ತೆಗೆದುಕೊಂಡು ಸಿಟ್ಟೆಲ್ಲ ಸೇರಿಸಿ ತಿರುಗಿಸಿದ. ಸರ‍್ರನೆ ಹೋಗುತ್ತಿದ್ದ ನಟ್ಟು ಅರ್ಧದಲ್ಲಿ ಕಿರ‍್ ಎಂದು ನಿಂತಿತು. ಮುಂದಕ್ಕೆ ಹೋಗದು. ಹಿಂದಕ್ಕೂ ಬಾರದು. ಎರಡನೆಯದು ಅಲ್ಲೇ ನಿಂತಿತು. ಮೂರನೆಯದು ಇನ್ನೂ ಒಂದು ಸುತ್ತು ಮೊದಲೇ ನಿಂತಿತು. ಕೊಳವೆಗಳ ಮಧ್ಯೆ ಬೆರಳು ತೂರುವಷ್ಟು ಸಂದಿ ಉಳಿಯಿತು. ಬಿಗಿಯೂ ಆಗದ, ಬಿಚ್ಚಲೂ ಬಾರದ ಆ ಮೂರು ಬೋಲ್ಟುಗಳ ಕೆಳಗೆ ಅವನು ಅರ್ಧ ಗಂಟೆ ಸುಮ್ಮನೆ ಮಲಗಿದ್ದ. ಕಣ್ಣು ಒದ್ದೆಯಾದದ್ದು ತುಕ್ಕು ಉದುರಿದ್ದರಿಂದ ಎಂದು ಮಾಲಿನಾಳಿಗೆ ಹೇಳಿದ.

ಸೋಮವಾರ ತಪಾಸಣೆ ಕೇಂದ್ರದಲ್ಲಿ ಕಾರು ಚಾಲೂ ಮಾಡಿದ ಕೂಡಲೆ ಅಧಿಕಾರಿ ಎರಡೂ ಕಿವಿ ಮುಚ್ಚಿಕೊಂಡು, ಬಾಯಲ್ಲಿ ಪೆನ್ನು ಕಚ್ಚಿಕೊಂಡು, ತಲೆಯಲ್ಲೇ "ಹೊರಗೆ" ಎಂದು ಸನ್ನೆ ಮಾಡಿದ. ಗಾನ್ಚೋ ನೋಡಿ, "ಕತ್ತರಿಸಿಯೇ ತೆಗೀಬೇಕು, ಗುರುವಾರಕ್ಕೆ ಮೊದಲು ಆಗಲ್ಲ. ಅವತ್ತು ನಾನು ಏನು ಹೇಳಕ್ಕೆ ಬಂದೆ, ನೀನು ಎಲ್ಲಿಗೆ ಓಡಿಹೋದೆ?" ಎಂದ. ಊರಿನ ಒಬ್ಬನೇ ಟ್ಯಾಕ್ಸಿಯವನು ಕೈ ಮುಗಿದ. "ಬೇಡಪ್ಪ. ಆ ಅಜ್ಜಿ ನನಗೆ ಚಿಕ್ಕಂದಿನಲ್ಲಿ ಜಾಮ್ ಕೊಟ್ಟಿದ್ದಾಳೆ. ಅವಳನ್ನ ಬಿಚ್ಚಿಸೋಕೆ ನಾನು ಕರ್ಕೊಂಡು ಹೋಗಲ್ಲ."

"ಪಿಂಚಣಿಗೆ ಹೋಗ್ತಿರೋದು ಮಾರಾಯಾ!"

"ಎಲ್ರೂ ಹಾಗೇ ಹೇಳ್ತಾರೆ."

ಮಂಗಳವಾರ ಬೆಳಗ್ಗೆ ಬೇರೆ ದಾರಿಯೇ ಇರಲಿಲ್ಲ. ಮಾಲಿನಾಗೆ ಹೊಲಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಪ್ರೊಡಾನ್ ಕೊಳವೆಯನ್ನು ತಂತಿಯಿಂದ ಕಟ್ಟಿ ಕಾರು ತೆಗೆದ. ರಾಯ್ನಾ ಹಬ್ಬದ ಕಪ್ಪು ಕೋಟು ಹಾಕಿಕೊಂಡು, ಎಕ್ಸ್-ರೇಗಳಿದ್ದ ಚೀಲ ಹಿಡಿದು, ಹಿಂದಿನ ಸೀಟಿನಲ್ಲಿ ಕೂತಳು. ಮಡಿಲಲ್ಲಿ ಹಿಟ್ಟು ಲಟ್ಟಿಸುವ ಉದ್ದನೆಯ ಕೋಲು ಇತ್ತು. ಅದು ಯಾಕೆ ಎಂದು ಪ್ರೊಡಾನ್ ಕೇಳಲಿಲ್ಲ. ಬೀದಿಯ ಎರಡೂ ಕಡೆ ಜನ ನಿಂತಿದ್ದರು. ತ್ಸೋನಾ ಕರವಸ್ತ್ರ ಬೀಸಿದಳು, ಶವಯಾತ್ರೆಗೆ ಬೀಸಿದ ಹಾಗೆ.

ಹದಿನೆಂಟು ಕಿಲೋಮೀಟರ್ ಆದ ಮೇಲೆ, ಸೂರ್ಯಕಾಂತಿ ಕೂಳೆಗಳ ಬಯಲಿನ ಪಕ್ಕದಲ್ಲಿ, ಕಾರಿನ ಅಡಿಯಿಂದ ಟ್ರಾಮು ಹಳಿ ತಪ್ಪಿದಂಥ ಸದ್ದು ಬಂತು. ತಂತಿ ಹರಿದಿತ್ತು. ಕೊಳವೆಯ ಒಂದು ತುದಿ ರಸ್ತೆಗೆ ಒರಗಿ ಕಿಡಿ ಹಾರಿಸುತ್ತಿತ್ತು. ಪ್ರೊಡಾನ್ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಹಾರ್ನ್ ಒತ್ತಿ ಹೋಯಿತು. ಅವನು ಹಣೆ ತೆಗೆಯಲಿಲ್ಲ.

"ತೆಗೆಯೋ ತಲೆನ" ಎಂದಳು ರಾಯ್ನಾ.

ಐದು ದಿನದಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಪ್ರೊಡಾನ್ ಇಳಿದು ಕೆಸರಿನಲ್ಲಿ ಮಲಗಿ, ಕೊಳವೆಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ತಂತಿ ಕಟ್ಟಲು ನೋಡಿದ. ಎರಡು ಕೈ ಸಾಲಲಿಲ್ಲ. ಮೂರನೇ ಸಲ ಕೊಳವೆ ಎದೆಯ ಮೇಲೆ ಬಿದ್ದಾಗ ಅವನು ಸುಮ್ಮನೆ ಆಕಾಶ ನೋಡುತ್ತ ಮಲಗಿಬಿಟ್ಟ. ಆಕಾಶ ಕಾಣಲಿಲ್ಲ, ಕಾರಿನ ತಳ ಕಂಡಿತು.

ಆಗ ಅವನ ಪಕ್ಕದಲ್ಲಿ ಎರಡು ಉಣ್ಣೆಯ ಕಾಲುಚೀಲಗಳು ಕಾಣಿಸಿದವು. ಆಮೇಲೆ ನರಳುವಿಕೆ. ಆಮೇಲೆ ರಾಯ್ನಾಳ ಮುಖ. ಅವಳು ಕುಕ್ಕರಗಾಲಿನಲ್ಲಿ ಕೂತು, ಶಾಲನ್ನು ಕೈಗೆ ಸುತ್ತಿಕೊಂಡು, ಲಟ್ಟಿಸುವ ಕೋಲನ್ನು ಕೊಳವೆಯ ಅಡಿಗೆ ತೂರಿಸಿ ಮೇಲೆತ್ತಿ ಹಿಡಿದಳು.

"ನಾನು ಹಿಡ್ಕೊಂಡಿರ್ತೀನಿ. ಈಗ ಒಂದು ಮಾತು ಹೇಳು. ನನ್ನ ಸ್ಕ್ರೂ ನಿನಗೆ ಬೇಕಾಗಿತ್ತೋ ಇಲ್ವೋ?"

"ಅತ್ತೆ, ದೇವರಾಣೆ ಬೇಕಿರ್ಲಿಲ್ಲ. ಆ ಸ್ಟೀಲು ತುಕ್ಕು ಹಿಡಿಯುತ್ತೋ ಇಲ್ವೋ ಅಂತ ತಿಳ್ಕೊಳ್ಳೋಣ ಅಂತ ಅಷ್ಟೇ..."

"ಅಷ್ಟೇನಾ?"

"ಅಷ್ಟೇ."

ಮುದುಕಿ ಬಗ್ಗಿ ಬೋಲ್ಟುಗಳನ್ನು ನೋಡಿದಳು. "ಇದೇನಿದು? ಸ್ಟೀಲಿಗೆ ಸ್ಟೀಲು ಹಾಕಿದ್ದೀಯಾ? ಒಣ ಒಣಗೆ?"

"ಹೂಂ."

"ಕತ್ತೆ! ಎರಡೂ ಗಟ್ಟಿಯಾದ್ರೆ ಒಂದನ್ನೊಂದು ಕಚ್ಚಿಕೊಳ್ಳುತ್ತೆ. ಗಂಡ ಹೆಂಡ್ತಿ ಇಬ್ರೂ ಹಟಮಾರಿಗಳಾದ್ರೆ ಆಗೋ ಹಾಗೆ. ಒಂದು ಮೆತ್ತಗಿರಬೇಕು. ಬೋಲ್ಟು ಸ್ಟೀಲು, ನಟ್ಟು ಹಿತ್ತಾಳೆ, ಮಧ್ಯದಲ್ಲಿ ತಾಮ್ರದ ಗ್ರೀಸು ಒಂದು ಚೂರು. ಆಗ ಹತ್ತು ವರ್ಷ ಆದ್ಮೇಲೂ ಬೆರಳಲ್ಲಿ ತಿರುಗಿಸಿ ಬಿಚ್ಚಬಹುದು."

ಪ್ರೊಡಾನ್ ಕೆಸರಿನಿಂದ ತಲೆ ಎತ್ತಿದ. "ನಿಮಗೆ ಹೇಗೆ ಗೊತ್ತು?"

"ಟ್ರ್ಯಾಕ್ಟರ್ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಉಗ್ರಾಣ ನೋಡ್ಕೊಂಡೋಳು ನಾನು. ಮುನ್ನೂರು ಖಾನೆ, ಒಂದೊಂದು ಖಾನೆಯ ಬೋಲ್ಟೂ ಕಣ್ಣು ಮುಚ್ಚಿ ಹೇಳ್ತಿದ್ದೆ."

"ನೀವು ಅಲ್ಲಿ ಅಡಿಗೆ ಮಾಡ್ತಿದ್ರಿ ಅಂದ್ಕೊಂಡಿದ್ದೆ."

"ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ಕೇಳಿದ್ರೆ ಗೊತ್ತಾಗ್ತಿತ್ತು."

ಅವಳು ಉತ್ತರಕ್ಕೆ ಕಾಯಲಿಲ್ಲ. ಅಪ್ಪಣೆ ಕೊಡುತ್ತ ಹೋದಳು: ಬಿಚ್ಚಕ್ಕೆ ನೋಡಬೇಡ, ಇನ್ನೂ ಬಿಗಿ ಮಾಡು, ತಾನೇ ತುಂಡಾಗುತ್ತೆ. ತುಂಡಾಯಿತು. ರಸ್ತೆ ಬದಿಯಲ್ಲಿ ಯಾವುದೋ ದ್ರಾಕ್ಷಾರಸದ ಹಳೆಯ ಜಾಹೀರಾತು ಹಲಗೆ ನಿಂತಿದೆ ನೋಡು, ಅದರ ಎರಡು ಬೋಲ್ಟು ಬಿಚ್ಚಿಕೊಂಡು ಬಾ. ಬಿಚ್ಚಿಕೊಂಡು ಬಂದ. ಹಲಗೆ ಒಂದು ಕಡೆಗೆ ವಾಲಿತು. ಮುಕ್ಕಾಲು ಗಂಟೆಯ ಹೊತ್ತು ರಾಯ್ನಾ ಆ ಕೊಳವೆಯನ್ನು ಎತ್ತಿ ಹಿಡಿದೇ ಇದ್ದಳು. ಕಾರು ಹೊರಟಾಗ ಅರ್ಧದಷ್ಟು ಮಾತ್ರ ಕೂಗುತ್ತಿತ್ತು. ಅಳಿಯನ ಕೈ ಹಿಡಿದು ಎದ್ದ ಮುದುಕಿ ಈಗ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಮಂಡಳಿಯ ಬಾಗಿಲು ಮುಚ್ಚುವ ಹೊತ್ತಿಗೆ ತಲುಪಿದರು. ಉದ್ದನೆಯ ಮೇಜಿನ ಹಿಂದೆ ಮೂವರು ಡಾಕ್ಟರುಗಳು. ನಡುವೆ ಅಧ್ಯಕ್ಷೆ ಇಸ್ಕ್ರೇವಾ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಅವಳ ಮುಂದೆ ಒಂದು ಕಾಗದವಿತ್ತು.

"ಅಜ್ಜಿ, ಮೊದಲು ಒಂದು ವಿಷಯ. ನಿಮ್ಮ ಬಗ್ಗೆ ನಮಗೊಂದು ಪತ್ರ ಬಂದಿದೆ. 'ನೊಂದ ನೆರೆಹೊರೆಯವರು' ಅಂತ ಸಹಿ ಮಾಡಿದ್ದಾರೆ." ಅವಳು ಪ್ರೊಡಾನ್‌ನತ್ತ ತಿರುಗಿದಳು. "ಅಳಿಯ ಇವರೇನಾ?"

"ನಾನೇ" ಎಂದ ಪ್ರೊಡಾನ್, ಕಟಕಟೆಯಲ್ಲಿ ನಿಂತವನ ಧ್ವನಿಯಲ್ಲಿ.

ಮೂವರೂ ಎಕ್ಸ್-ರೇ ಬೆಳಕಿಗೆ ಹಿಡಿದು ಎಣಿಸಿದರು. ಅದು ಕಳೆದ ವಾರವಷ್ಟೇ ತೆಗೆಸಿದ್ದು. ಒಂದು, ಎರಡು, ಮೂರು. ಪ್ರೊಡಾನ್ ತುದಿಗಾಲಲ್ಲಿ ನಿಂತು ತಾನೂ ಎಣಿಸಿದ. ನಾಲ್ಕು.

"ಎಲ್ಲ ಇವೆ. ಪತ್ರ ಸುಳ್ಳು" ಎಂದು ಅಧ್ಯಕ್ಷೆ ಅದನ್ನು ಪಕ್ಕಕ್ಕಿಟ್ಟಳು. "ಕಾಲಲ್ಲಿ ನೋವು ಹೇಗಿದೆ? ನಡೆಯೋಕೆ, ಬಗ್ಗೋಕೆ ಯಾರದಾದ್ರೂ ಸಹಾಯ ಬೇಕಾ?"

ಎಲ್ಲವೂ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ರಾಯ್ನಾ 'ಬೇಕು' ಎಂದರೆ ಸಾಕಿತ್ತು. ಅಷ್ಟರಲ್ಲಿ ಅಧ್ಯಕ್ಷೆಯ ಕಣ್ಣು ಅವಳ ಕೈಗಳ ಮೇಲೆ ಬಿತ್ತು. ಮೊಣಕೈವರೆಗೆ ಮಸಿ, ಹಬ್ಬದ ಕೋಟಿನ ಮೇಲೆ ಗ್ರೀಸು.

"ಇದೇನು ಅಜ್ಜಿ ಕೈ ಹೀಗೆ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಒಬ್ಬ ವಿದ್ಯಾವಂತೆ ಕೇಳಿದ್ದಳು. ರಾಯ್ನಾಳ ಬೆನ್ನು ನೆಟ್ಟಗಾಯಿತು.

"ಸೈಲೆನ್ಸರ್ ಬಿದ್ದುಹೋಯ್ತು ತಾಯಿ. ಇವನು ಸ್ಟೀಲಿಗೆ ಸ್ಟೀಲು ಹಾಕಿದ್ದ. ನಾನೇ ಎತ್ತಿ ಹಿಡಿದೆ."

ಪ್ರೊಡಾನ್ ಕೆಮ್ಮಿದ.

"ಎತ್ತಿ ಹಿಡಿದ್ರಾ? ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ!"

ಪ್ರೊಡಾನ್ ಇನ್ನೂ ಜೋರಾಗಿ ಕೆಮ್ಮಿದ. ಎಡಗಡೆಯ ಡಾಕ್ಟರು ಅವನಿಗೆ ನೀರು ಕೊಟ್ಟರು.

"ಕೂತುಕೊಂಡಾ?"

"ಕೂರೋಕೆ ಅಲ್ಲಿ ಸೋಫಾ ಇತ್ತಾ? ಹೀಗೆ!" ಎಂದು ಹೇಳಿದವಳೇ ರಾಯ್ನಾ ಊರುಗೋಲನ್ನು ಅಧ್ಯಕ್ಷೆಯ ಮೇಜಿಗೆ ಒರಗಿಸಿ, ಮಂಡಳಿಯ ನಟ್ಟನಡುವೆ ಕುಕ್ಕರಗಾಲಿನಲ್ಲಿ ಕೂತು, ಎರಡು ಕೈ ಮೇಲೆತ್ತಿ, ಇಲ್ಲದ ಕೊಳವೆಯೊಂದನ್ನು ಹಿಡಿದು ತೋರಿಸಿದಳು. ಆಮೇಲೆ ಯಾರ ಕೈಯನ್ನೂ ಹಿಡಿಯದೆ, ಕೋಲನ್ನೂ ಮುಟ್ಟದೆ, ಎದ್ದು ನಿಂತಳು.

ಕೋಣೆಯಲ್ಲಿ ಪೆನ್ನಿನ ಸದ್ದು ಮಾತ್ರ ಕೇಳಿಸಿತು. ಅಧ್ಯಕ್ಷೆ ಬರೆಯುತ್ತಿದ್ದಳು. ಬಹಳ ಹೊತ್ತು ಬರೆದಳು. ಆಮೇಲೆ ಬೇಸರದಿಂದಲೇ ಓದಿದಳು: ಮೂಳೆ ಚೆನ್ನಾಗಿ ಕೂಡಿದೆ, ಚಲನೆ ಅತ್ಯುತ್ತಮ, ಇನ್ನೊಬ್ಬರ ಸಹಾಯದ ಭತ್ಯೆ ರದ್ದು, ಪಿಂಚಣಿ ಅರ್ಧಕ್ಕೆ.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಪ್ರೊಡಾನ್ ತಲೆಯ ಮೇಲೆ ಕೈಹೊತ್ತು ಕೂತ. ಮಾಲಿನಾಗೆ ಏನು ಹೇಳುವುದು? ಮೂರು ಗಟ್ಟಿ ಬೋಲ್ಟು ಹಾಕಲು ಹೋಗಿ ಮುದುಕಿಯ ಅರ್ಧ ಅನ್ನ ಕಳೆದೆ ಎಂದೇ?

"ಅತ್ತೆ, ಯಾಕೆ ಹೀಗೆ ಮಾಡಿದ್ರಿ? ನಾನು ಅಷ್ಟು ಕೆಮ್ಮಿದ್ನಲ್ಲ!"

ರಾಯ್ನಾ ಅವನ ಮಾತು ಕೇಳುತ್ತಲೇ ಇರಲಿಲ್ಲ. ತನ್ನ ಮೊಣಕಾಲನ್ನು ನೋಡುತ್ತಿದ್ದಳು. "ಎದ್ದೆ, ನೋಡಿದ್ಯಾ?" ಎಂದಳು ಮೆಲ್ಲಗೆ. "ಯಾರನ್ನೂ ಹಿಡ್ಕೊಳ್ಳದೆ ಎದ್ದೆ. ಎರಡು ವರ್ಷ ಆಗಿತ್ತು ಕಣೋ. ಇನ್ನು ಆಗೋದೇ ಇಲ್ಲ ಅಂದ್ಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಿದ್ದೆ."

ಪ್ರೊಡಾನ್ ತಲೆಯ ಮೇಲಿನ ಕೈ ತೆಗೆದ. ಅವಳ ಕಣ್ಣು ಒದ್ದೆಯಾಗಿತ್ತು. ಅವನು ಬೇರೇನೂ ತೋಚದೆ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ, ಅದರಲ್ಲೂ ಗ್ರೀಸಿತ್ತು. ಅವಳು ಅದರಲ್ಲೇ ಮೂಗು ಒರೆಸಿಕೊಂಡಳು.

"ನಡಿ" ಎಂದಳು. "ಈ ಪಟ್ಟಣದಲ್ಲಿ ಬೋಲ್ಟು ಅಂಗಡಿ ಇರುತ್ತೆ. ಈ ಸಲ ನಾನು ಆರಿಸ್ತೀನಿ."

ಅಂಗಡಿಯಲ್ಲಿ ಅವಳು ಅರ್ಧ ಗಂಟೆ ನಿಂತಳು. ಬೋಲ್ಟುಗಳನ್ನು ಉಗುರಿನಿಂದ ಗೀರಿದಳು, ತಿರುಪಿನ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದಳು, ಅಂಗಡಿಯವನು ತಂದ ಮೊದಲ ಡಬ್ಬವನ್ನು ವಾಪಸ್ಸು ಕಳಿಸಿದಳು. ಕೊನೆಗೆ ಮೂರು ಸ್ಟೀಲು ಬೋಲ್ಟು, ಮೂರು ಹಿತ್ತಾಳೆ ನಟ್ಟು, ಬೆರಳುದ್ದದ ತಾಮ್ರದ ಗ್ರೀಸಿನ ಟ್ಯೂಬು. ದುಡ್ಡನ್ನೂ ಅವಳೇ ಕೊಟ್ಟಳು. ಅಂಗಡಿಯ ಹಿಂದಿನ ಅಂಗಳದಲ್ಲಿ ಪ್ರೊಡಾನ್ ಮಲಗಿ ಹಾಕಿದ. ಅವಳು ಮೇಲಿನಿಂದ ಎಣಿಸಿದಳು. "ಸಾಕು. ಇನ್ನು ಕಾಲು ಸುತ್ತು. ಸಾಕು ಅಂದೆ." ಕಾರು ಚಾಲೂ ಆಯಿತು. ಎಂಥ ಸದ್ದೂ ಇಲ್ಲ. ಪ್ರೊಡಾನ್‌ಗೆ ಕಾರು ಕೆಟ್ಟುಹೋಯಿತೇನೋ ಎಂದು ಭಯವಾಯಿತು.

ದೋಲ್ನಾ ಬ್ರೆಸ್ತಾ ತಲುಪಿದಾಗ ಇನ್ನೂ ಬಿಸಿಲಿತ್ತು. ಅವರ ಬೀದಿಯಲ್ಲಿ ಇಡೀ ದಿನ ಯಾರೂ ಕೆಲಸ ಮಾಡಿದಂತೆ ಕಾಣಲಿಲ್ಲ. ತ್ಸೋನಾ ಬೇಲಿಗೆ ಆತುಕೊಂಡಿದ್ದಳು, ಪೊಲೀಸ್ ಲಾಚ್ಕೋ ಗೇಟಿನ ಬಳಿ ನಿಂತಿದ್ದ, ಟ್ಯಾಕ್ಸಿಯವನೂ ಬಂದಿದ್ದ. ಕೂಗುತ್ತ ಹೋದ ಕಾರು ಬೆಕ್ಕಿನ ಹೆಜ್ಜೆಯಲ್ಲಿ ಬಂದು ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಬಾಗಿಲು ತೆರೆಯಿತು. ರಾಯ್ನಾ ಇಳಿದಳು. ಊರುಗೋಲು ಮಂಡಳಿಯ ಮೇಜಿಗೆ ಒರಗಿಕೊಂಡೇ ಉಳಿದುಹೋಗಿತ್ತು. ಅದು ಅವಳಿಗೆ ನೆನಪೂ ಇರಲಿಲ್ಲ. ಸ್ವಲ್ಪ ಕುಂಟುತ್ತ, ಆದರೆ ತನ್ನ ಕಾಲ ಮೇಲೆ ತಾನೇ, ಗೇಟಿನವರೆಗೆ ನಡೆದಳು.

"ದೇವರೇ" ಎಂದಳು ತ್ಸೋನಾ. "ತೆಗೆಸೇಬಿಟ್ಟ. ನೋಡ್ರಿ, ಎಷ್ಟು ಹಗುರವಾಗಿ ನಡೀತಿದ್ದಾಳೆ!"

ಲಾಚ್ಕೋ ಮೊಣಕಾಲೂರಿ ಕಾರಿನ ಕೆಳಗೆ ಟಾರ್ಚು ಬಿಟ್ಟ. ಕೊಳವೆಯ ಮೇಲೆ ಮೂರು ಹೊಚ್ಚಹೊಸ ಬೋಲ್ಟುಗಳು ಫಳಫಳ ಹೊಳೆದವು.

"ಮೂರು" ಎಂದ ಅವನು, ಟೋಪಿ ತೆಗೆದು.

"ಇಲ್ಲ ಲಾಚ್ಕೋ, ಕೇಳು, ಇವು ಅಂಗಡಿಯಿಂದ..." ಎಂದು ಪ್ರೊಡಾನ್ ಶುರುಮಾಡಿದ. ಮುಂದಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಗೇಟಿನ ಬಳಿ ನಿಂತ ರಾಯ್ನಾ ಇಡೀ ಬೀದಿಗೆ ಕೇಳುವ ಹಾಗೆ, ಹೆಮ್ಮೆಯಿಂದ ಹೇಳಿದಳು:

"ಅವನ ಮೇಲೆ ಯಾಕ್ರೋ ಬೀಳ್ತೀರಿ? ಆ ಮೂರೂ ನಾನೇ ಕೊಟ್ಟಿದ್ದು. ಮನಸಾರೆ ಕೊಟ್ಟಿದ್ದು!"

ಬೀದಿಯವರೆಲ್ಲ ಒಟ್ಟಿಗೆ ಶಿಲುಬೆಯ ಗುರುತು ಹಾಕಿಕೊಂಡರು. ಹೊಲಿಗೆ ಕಾರ್ಖಾನೆಯಿಂದ ಆಗಷ್ಟೇ ಬಂದು ಗುಂಪಿನ ಹಿಂದೆ ನಿಂತಿದ್ದ ಮಾಲಿನಾ ಗಂಡನನ್ನು ನೋಡಿದಳು. ಪ್ರೊಡಾನ್ ಬಾಯಿ ತೆರೆದ. ಎಲ್ಲಿಂದ ಶುರುಮಾಡುವುದೆಂದು ಯೋಚಿಸಿದ. ಬಾಯಿ ಮುಚ್ಚಿಕೊಂಡು, ಕಾರಿನೊಳಗೆ ಹೋಗಿ ಕೂತು, ಗಾಜು ಏರಿಸಿಕೊಂಡ.